ತೂಕ ಕೇಳಿದರೆ ವ್ಯಾಟ್ ಹೇಳುವವರು

ತಿರುಗುವ ಹಲ್ಲಿನ ಟೂಲಿನಿಂದ ಲೋಹ ಕತ್ತರಿಸುವ ಮಿಲ್ಲಿಂಗ್ ಯಂತ್ರವೊಂದರ ತೂಕ ಎಷ್ಟು ಎಂಬ ಸರಳ ಪ್ರಶ್ನೆಗೆ ಉತ್ತರ ಸಿಗದೆ ನಿನ್ನೆ ಪುಣೆ ಬಳಿಯ ಕೈಗಾರಿಕಾ ಪ್ರದೇಶವಾದ ಭೋಸರಿಯ ಅಂಗಡಿಯೊಂದರಿಂದ ಬರಿಗೈಯಲ್ಲಿ ಹೊರಬಂದೆವು. ಆ ಸಿಟ್ಟು ಇನ್ನೂ ಇಳಿದಿಲ್ಲ. ಈ ಬರಹ ಉದ್ದವಾದರೆ ಮಿತ್ರರು ಸಹಿಸಿಕೊಳ್ಳಬೇಕು. ನನ್ನ ಆಯುಷ್ಯದ ಬಹುಪಾಲು ಕಾರ್ಖಾನೆಯ ಟೂಲ್‌ರೂಮಿನಲ್ಲೇ ಕಳೆದುದು ನಿಮಗೆಲ್ಲ ಗೊತ್ತಿರುವುದರಿಂದ, ಈ ವಿಷಯದಲ್ಲಿ ನನಗೆ ಇಷ್ಟೊಂದು ಕೋಪ ಏಕೆ ಎಂದು ನೀವು ಕೇಳಲಾರಿರಿ.

ಜೊತೆಗಿದ್ದವನು ಗೆಳೆಯರೊಬ್ಬರ ಮಗ. ಮೂಲ ಬೆಳಗಾವಿ; ಹಗಲೆಲ್ಲ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ರಾತ್ರಿಯಾದರೆ ಹಳೆಯ ಎಚ್‌ಎಂಟಿ ಕೈಗಡಿಯಾರಗಳ ಧ್ಯಾನ. ಅವುಗಳೊಳಗಿನ ಕೀ ಕೊಡುವ ಯಂತ್ರಗಳನ್ನು, ಅಂದರೆ ಮೂವ್‌ಮೆಂಟುಗಳನ್ನು, ಬಿಚ್ಚಿ ತೊಳೆದು, ತಾನೇ ಕೈಯಾರೆ ಮಾಡಿದ ಸ್ಟೇನ್‌ಲೆಸ್ ಸ್ಟೀಲಿನ ಕೇಸಿನಲ್ಲಿ ಕೂರಿಸಬೇಕೆಂಬುದು ಅವನ ಆಸೆ. ಗಡಿಯಾರವನ್ನೂ ಮಿಲ್ಲಿಂಗ್ ಯಂತ್ರವನ್ನೂ ಒಂದೇ ಹೆಸರಿನಲ್ಲಿ ಮಾಡಿದ ಎಚ್‌ಎಂಟಿ, ತನ್ನ ಗಡಿಯಾರದ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆದ ಮೇಲೂ ಒಬ್ಬ ಹುಡುಗನನ್ನು ಮಿಲ್ಲಿಂಗ್ ಯಂತ್ರದ ಅಂಗಡಿಯವರೆಗೆ ಕರೆದೊಯ್ಯುತ್ತಿದೆ ಎಂಬುದು ನನಗೆ ಸಂತೋಷ ತಂದಿತ್ತು. ಆ ಸಂತೋಷ ಅಂಗಡಿಯ ಬಾಗಿಲಿನವರೆಗೆ ಮಾತ್ರ ಉಳಿಯಿತು.

ಒಳಗೆ ಮೇಜಿನ ಮೇಲೆ ಹೊಳೆಯುವ ಬಣ್ಣದ ಪುಟ್ಟ ಮಿಲ್ಲಿಂಗ್ ಯಂತ್ರ. ಅದರ ಮುಂದಿನ ಹಲಗೆಯಲ್ಲಿ ದಪ್ಪ ಅಕ್ಷರಗಳಲ್ಲಿ "1000 ವ್ಯಾಟ್", ಅದರ ಕೆಳಗೆ "ಎಸ್‌ಎಸ್ ಕಟಿಂಗ್", ಅಂದರೆ ಸ್ಟೇನ್‌ಲೆಸ್ ಸ್ಟೀಲನ್ನೂ ಕತ್ತರಿಸುತ್ತದೆಂಬ ಭರವಸೆ. ವೈಸಿನ ಹಿಡಿತದಲ್ಲಿ ಕಚ್ಚಿಸಿಟ್ಟ ಜಾಬ್, ಅಂದರೆ ಕತ್ತರಿಸಬೇಕಾದ ತುಂಡು, ಮಾತ್ರ ಅಲ್ಯೂಮಿನಿಯಂ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಒಂದು ತುಂಡು ಹಾಕಿ ತೋರಿಸಿ ಎಂದೆ. ಸ್ಟಾಕಿನಲ್ಲಿ ಇಲ್ಲ ಎಂದರು. ಜಗತ್ತಿನ ಎಷ್ಟೋ ಪಾತ್ರೆ ಪಗಡೆ 304ರಲ್ಲಿ ಆಗುತ್ತಿರುವಾಗ, ಭೋಸರಿಯ ನಟ್ಟನಡುವೆ ಕುಳಿತವರಿಗೆ ಅಂಗೈಯಗಲದ ತುಂಡು ಸಿಗಲಿಲ್ಲವಂತೆ! ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜನ್ನು ಚೀಲದಿಂದ ತೆಗೆದು ಯಂತ್ರದ ಟೇಬಲಿನ ಮೇಲೆ ಮ್ಯಾಗ್ನೆಟಿಕ್ ಸ್ಟ್ಯಾಂಡ್ ಕೂರಿಸಹೊರಟೆ. ಡಿಸ್‌ಪ್ಲೇ ಪೀಸ್, ಮುಟ್ಟಬೇಡಿ ಎಂದರು. ಕೊನೆಗೆ ತೂಕ ಕೇಳಿದೆ. "ಒಂದು ಕಿಲೋವ್ಯಾಟ್ ಸಾರ್" ಎಂದರು. ನಾನು ಮತ್ತೆ ತೂಕ ಕೇಳಿದೆ. ಅವರು ಮತ್ತೆ ಮೋಟಾರಿನ ಗುಣಗಾನ ಮಾಡಿದರು. ಹುಡುಗ ನನ್ನ ಕಿವಿಯಲ್ಲಿ, "ಕಾಕಾ, ಒಂದು ಕಿಲೋವ್ಯಾಟ್ ಐತಿ ಅಂದ್ರ ಸಾಕಾಗೂದಿಲ್ಲೇನು?" ಎಂದ.

ಸಾಕು, ಬೇಕಾದದ್ದಕ್ಕಿಂತ ಬಹಳ ಹೆಚ್ಚು. ನನ್ನ ದೂರು ಇರುವುದೇ ಅಲ್ಲಿ. ದಯವಿಟ್ಟು ಸ್ವಲ್ಪ ಲೆಕ್ಕ ನೋಡಿ. 10 ಮಿ.ಮೀ. ವ್ಯಾಸದ, ನಾಲ್ಕು ಹಲ್ಲಿನ, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂಡ್‌ಮಿಲ್, ಅಂದರೆ ತಿರುಗುತ್ತ ಕತ್ತರಿಸುವ ಟೂಲ್, ತೆಗೆದುಕೊಳ್ಳೋಣ. ಸ್ಟೇನ್‌ಲೆಸ್ ಸ್ಟೀಲಿಗೆ ಎಚ್‌ಎಸ್‌ಎಸ್ ಟೂಲಿನ ಕತ್ತರಿಸುವ ವೇಗ ನಿಮಿಷಕ್ಕೆ ಸುಮಾರು 18 ಮೀಟರ್ ಎಂದಿಟ್ಟುಕೊಂಡರೆ, ಟೂಲನ್ನು ಹಿಡಿದು ತಿರುಗಿಸುವ ಸ್ಪಿಂಡಲ್ ನಿಮಿಷಕ್ಕೆ 570 ಸುತ್ತಿನ ಆಸುಪಾಸಿನಲ್ಲಿ ತಿರುಗಬೇಕು. ಹಲ್ಲೊಂದಕ್ಕೆ 0.03 ಮಿ.ಮೀ. ಫೀಡ್ (ಪ್ರತಿ ಹಲ್ಲು ಮುನ್ನುಗ್ಗುವ ದೂರ) ಕೊಟ್ಟರೆ, ಜಾಬ್ ಹೊತ್ತ ಟೇಬಲ್ ನಿಮಿಷಕ್ಕೆ 70 ಮಿ.ಮೀ.ಗಿಂತ ತುಸು ಕಡಿಮೆ ಸರಿಯುತ್ತದೆ. ಟೂಲಿನಷ್ಟೇ ಅಗಲದ, ಒಂದು ಮಿ.ಮೀ. ಆಳದ ಕಾಲುವೆ ಕೊರೆಯುವುದಾದರೆ ನಿಮಿಷಕ್ಕೆ ಹೊರಬರುವ ಲೋಹ ಒಂದು ಘನ ಸೆಂಟಿಮೀಟರ್ ಕೂಡ ಅಲ್ಲ. ಅದಕ್ಕೆ ಟೂಲಿನ ತುದಿಯಲ್ಲಿ ಬೇಕಾಗುವ ಶಕ್ತಿ ಅಂದಾಜು 50 ವ್ಯಾಟ್. ಐವತ್ತು! ಸಾವಿರ ವ್ಯಾಟಿನ ಹಲಗೆ ತೂಗುಹಾಕಿದವರು ಯಾರಿಗೂ ಬೇಡದ ಪ್ರಶ್ನೆಗೆ ಉತ್ತರ ಬರೆದಿದ್ದಾರೆ.

ಇನ್ನು ಬಲದ ಮಾತು. ಅದೇ ಲೆಕ್ಕದಲ್ಲಿ ಟೂಲಿನ ಅಂಚಿಗೆ ಸರಾಸರಿ 15 ಕೆ.ಜಿ.ಯಷ್ಟು ತಳ್ಳಾಟ ಬೀಳುತ್ತದೆ. ಅದು ಒಂದೇ ಸಮ ಇರುವುದಿಲ್ಲ; ಹಲ್ಲುಗಳು ಒಂದೊಂದಾಗಿ ಲೋಹವನ್ನು ಹೊಕ್ಕು ಹೊರಬರುವಂತೆ ಸೆಕೆಂಡಿಗೆ 38 ಬಾರಿ ಏರಿಳಿಯುತ್ತದೆ. ಈ ತಳ್ಳಾಟಕ್ಕೆ ಯಂತ್ರದ ಕಂಬ, ತಲೆ, ಟೇಬಲ್, ಸ್ಪಿಂಡಲ್ ಎಲ್ಲವೂ ಸೇರಿ 0.03 ಮಿ.ಮೀ. ಮಾತ್ರ ಬಾಗಿದವು ಎನ್ನಿ. ಕಣ್ಣಿಗೆ ಕಾಣದ ಅಳತೆ, ನಿಜ. ಆದರೆ ಹಲ್ಲೊಂದು ಸುಲಿಯಲೆಂದು ನಾವು ಕೊಟ್ಟ ಲೋಹದ ಸಿಪ್ಪೆಯ ದಪ್ಪವೇ ಅಷ್ಟಲ್ಲವೇ? ಹಲ್ಲು ಲೋಹದೊಳಗೆ ಇಳಿಯುವ ಬದಲು ಹಿಂದೆ ಸರಿದು ಮೇಲ್ಮೈಯನ್ನು ಉಜ್ಜುತ್ತದೆ; ಮುಂದಿನ ಹಲ್ಲಿಗೆ ಒಮ್ಮೆಲೇ ಎರಡು ಪಾಲು ಸಿಗುತ್ತದೆ; ಯಂತ್ರ ಕಿರುಚತೊಡಗುತ್ತದೆ.

ಸಾಧಾರಣ ಮೆದು ಉಕ್ಕು, ಅಂದರೆ ಮೈಲ್ಡ್ ಸ್ಟೀಲ್ ಆಗಿದ್ದರೆ ಈ ಉಜ್ಜಾಟವನ್ನು ಹೇಗೋ ಕ್ಷಮಿಸುತ್ತಿತ್ತು. 304, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲುಗಳು ಕ್ಷಮಿಸುವುದಿಲ್ಲ. ಉಜ್ಜಿದಲ್ಲೆಲ್ಲ ಅವುಗಳ ಮೇಲ್ಪದರ ಗಟ್ಟಿಯಾಗುತ್ತದೆ, ಗಟ್ಟಿಯಾದ ಪದರವನ್ನು ಮುಂದಿನ ಹಲ್ಲು ಇನ್ನಷ್ಟು ಉಜ್ಜುತ್ತದೆ. ಶಾಖವಾದರೂ ಜಾಬಿನೊಳಕ್ಕೆ ಹರಿದುಹೋದೀತೇ ಎಂದರೆ ಅದೂ ಇಲ್ಲ. ಈ ಸ್ಟೀಲುಗಳ ಶಾಖವಾಹಕತೆ ಮೈಲ್ಡ್ ಸ್ಟೀಲಿನ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಹುಟ್ಟಿದ ಬಿಸಿಯಲ್ಲಿ ಬಹುಪಾಲು ಟೂಲಿನ ಅಂಚಿನಲ್ಲೇ ಕುಳಿತು ಅದನ್ನು ಸುಡುತ್ತದೆ. ಎಚ್‌ಎಸ್‌ಎಸ್‌ಗಿಂತ ಗಟ್ಟಿಯಾದ ಕಾರ್ಬೈಡ್ ಟೂಲ್ ಹಾಕಿದರಾಯಿತು ಎನ್ನುವವರಿಗೆ ಒಂದು ಮಾತು: ಕಾರ್ಬೈಡ್ ಬಿಸಿಯನ್ನು ಸಹಿಸುತ್ತದೆ, ನಡುಕವನ್ನು ಸಹಿಸುವುದಿಲ್ಲ. ಅಲುಗಾಡುವ ಯಂತ್ರದಲ್ಲಿ ಅದರ ಅಂಚು ಸವೆಯುವ ಮೊದಲೇ ಸಿಡಿದುಹೋಗುತ್ತದೆ. ಸಣ್ಣ ಯಂತ್ರಕ್ಕೆ ಕೋಬಾಲ್ಟ್ ಬೆರೆತ ಎಚ್‌ಎಸ್‌ಎಸ್ ಮೇಲು.

ಆದ್ದರಿಂದಲೇ ನಾನು ತೂಕ ಕೇಳಿದ್ದು. ತೂಕವೆಂದರೆ ಬೀಡು ಕಬ್ಬಿಣ. ಬೀಡು ಕಬ್ಬಿಣವೆಂದರೆ ಬಾಗದಿರುವ ಗುಣ, ಜೊತೆಗೆ ಅದರೊಳಗಿನ ಗ್ರಾಫೈಟ್ ಎಳೆಗಳು ನಡುಕವನ್ನು ನುಂಗುವ ಗುಣ. ತೂಕವೊಂದೇ ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನು ಬಲ್ಲೆ. ಎಲ್ಲಿ ದಪ್ಪವಿರಬೇಕೋ ಅಲ್ಲಿ ದಪ್ಪವಿರಬೇಕು. ಆದರೂ ಕ್ಯಾಟಲಾಗಿನ ಯಾವುದಾದರೂ ಒಂದೇ ಅಂಕಿಯನ್ನು ನಂಬಬೇಕಾದರೆ ನಾನು ಅದನ್ನೇ ನಂಬುತ್ತೇನೆ. ಮೇಜಿನ ಮೇಲೆ ಕೂರುವ ಚಿಕ್ಕ ಮಾದರಿಗಳಲ್ಲಿ ಎಷ್ಟೋ 50–60 ಕೆ.ಜಿ. ತೂಗುತ್ತವೆ. ಅವುಗಳಲ್ಲಿ ಹಲವಕ್ಕೆ ಕಂಬವನ್ನು ಎಡಬಲಕ್ಕೆ ವಾಲಿಸುವ ಸೌಕರ್ಯವಿದ್ದು, ಮಾರುವವರು ಅದನ್ನೊಂದು ವೈಶಿಷ್ಟ್ಯವೆಂದು ತೋರಿಸುತ್ತಾರೆ. ಇಡೀ ಕಂಬ ಬುಡದಲ್ಲಿ ಒಂದೇ ದಪ್ಪ ಬೋಲ್ಟಿನ ಮೇಲೆ ನಿಂತಿದೆ ಎಂಬುದು ಅದರ ಇನ್ನೊಂದು ಅರ್ಥ. ಬಾಗುವುದು ಮೊದಲು ಅಲ್ಲಿಯೇ. ಅಂಥ ಕೆಲವು ಮಾದರಿಗಳ ತಲೆಯೊಳಗೆ ಪ್ಲಾಸ್ಟಿಕ್ ಗೇರುಗಳೂ ಇರುತ್ತವೆ. ಟೂಲ್ ಎಲ್ಲಾದರೂ ಕಚ್ಚಿ ನಿಂತರೆ ಹಲ್ಲು ಮುರಿಯುವುದು ಗೇರಿನದು.

316ಎಲ್‌ನಲ್ಲಿ, ಅಂದರೆ ಇಂಗಾಲ ಕಡಿಮೆಯಿರುವ 316ರಲ್ಲಿ, ಕೆಲಸ ಮಾಡಬೇಕೆನ್ನುವವರಿಗೆ ನನ್ನ ಸಲಹೆ 100 ಕೆ.ಜಿ.ಗಿಂತ ಮೇಲೆ, ಸಾಧ್ಯವಾದರೆ 150ರಿಂದ 200. ಕಂಬ ಸ್ಥಿರವಾಗಿರಲಿ, ತಲೆ ನೆಟ್ಟಗೆ ಜಾರುವಂತೆ ಅದರಲ್ಲಿ ಓರೆ ಅಂಚಿನ ಡೌಟೇಲ್ ಇರಲಿ. ದುಂಡು ಕಂಬದ ಯಂತ್ರದಲ್ಲಿ ತಲೆಯನ್ನು ಏರಿಸಿ ಇಳಿಸಿದಾಗ ಅದು ಪಕ್ಕಕ್ಕೂ ತಿರುಗಿ ಅಳತೆಯ ಶೂನ್ಯವೇ ಕಳೆದುಹೋಗುತ್ತದೆ. ಸ್ಪಿಂಡಲಿನ ಬಾಯಿಯ ಆಕಾರ ಆರ್8 ಟೇಪರೋ ಎಂಟಿ3 ಟೇಪರೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ; ಎರಡರಲ್ಲೂ ಟೂಲ್ ಹಿಡಿಯುವ ಇಆರ್ ಕಾಲೆಟ್ ಹಾಕಿ ಒಳ್ಳೆಯ ಕೆಲಸ ಮಾಡಬಹುದು. ಮೋಟಾರಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಅದು ಎಷ್ಟು ವ್ಯಾಟ್ ಎಂಬುದಲ್ಲ, 500 ಸುತ್ತಿನಲ್ಲಿ ತಿರುಗುವಾಗ ಅದರ ಕೈಯಲ್ಲಿ ಎಷ್ಟು ಬಲ ಉಳಿದಿರುತ್ತದೆ ಎಂಬುದು. ಬೆಲ್ಟಿನಿಂದಲೋ ಲೋಹದ ಗೇರಿನಿಂದಲೋ ವೇಗ ಇಳಿಸಿದರೆ ಬಲ ಏರುತ್ತದೆ. ಬರಿಯ ಗುಂಡಿ ತಿರುಗಿಸಿ ಇಳಿಸಿದರೆ ಏರುವುದಿಲ್ಲ.

ಕ್ಯಾಟಲಾಗಿನಲ್ಲಿ ಯಾರೂ ಬರೆಯದ ಇನ್ನೊಂದು ಸಂಕಟವಿದೆ. ಕನ್ವೆನ್ಷನಲ್ ದಿಕ್ಕಿನಲ್ಲಿ, ಅಂದರೆ ಟೇಬಲ್ ಸರಿಯುವುದಕ್ಕೆ ಎದುರಾಗಿ ಹಲ್ಲು ತಿರುಗುವಂತೆ, ಮಿಲ್ಲಿಂಗ್ ಮಾಡಿದರೆ ಪ್ರತಿ ಹಲ್ಲೂ ಶೂನ್ಯ ದಪ್ಪದಿಂದ ಆರಂಭಿಸುತ್ತದೆ, ಅಂದರೆ ಮೊದಲು ಉಜ್ಜಿ ಅನಂತರ ಕಚ್ಚುತ್ತದೆ. ಸ್ಟೇನ್‌ಲೆಸ್‌ಗೆ ಅದು ಒಗ್ಗುವುದಿಲ್ಲ. ಕ್ಲೈಂಬ್ ದಿಕ್ಕಿನಲ್ಲಿ, ಅಂದರೆ ಟೇಬಲ್ ಸರಿಯುವತ್ತಲೇ ತಿರುಗುವಾಗ, ಹಲ್ಲು ಮೊದಲೇ ಪೂರ್ತಿ ಕಚ್ಚುತ್ತದೆ, ಒಳ್ಳೆಯದೇ. ಆದರೆ ಆಗ ಟೂಲ್ ಟೇಬಲನ್ನು ತನ್ನತ್ತ ಎಳೆಯುತ್ತದೆ. ಸಣ್ಣ ಯಂತ್ರಗಳಲ್ಲಿ ಟೇಬಲನ್ನು ಸರಿಸುವ ಲೀಡ್‌ಸ್ಕ್ರೂವಿನಲ್ಲಿ ಪ್ಲೇ (ಸಡಿಲು) ಇದ್ದೇ ಇರುವುದರಿಂದ, ಅಷ್ಟೂ ಪ್ಲೇಯನ್ನು ಟೇಬಲ್ ಒಮ್ಮೆಲೇ ಜಿಗಿದು ಎಂಡ್‌ಮಿಲ್ಲನ್ನು ಮುರಿಯುತ್ತದೆ. ಇದಕ್ಕೆ ಉಪಾಯವೆಂದರೆ ಜಾರುವ ಭಾಗಗಳ ಸಡಿಲು ತೆಗೆಯುವ ಗಿಬ್ಬು ಪಟ್ಟಿಗಳನ್ನು ಸರಿಯಾಗಿ ಬಿಗಿದು, ಚಲಿಸಬೇಕಿಲ್ಲದ ಅಕ್ಷಗಳನ್ನು ಲಾಕ್ ಮಾಡಿ, ಫಿನಿಶಿಂಗಿಗೆ ಮಾತ್ರ ಕ್ಲೈಂಬ್ ಬಳಸುವುದು. ಆ ಲಾಕುಗಳು ಮೂರೂ ಅಕ್ಷಕ್ಕೆ ಇವೆಯೇ ಎಂದು ನೋಡುವುದಕ್ಕೂ ಯಂತ್ರವನ್ನು ಮುಟ್ಟಲು ಬಿಡಬೇಕು. ಆ ಭಾಗ್ಯ ನಿನ್ನೆ ನಮಗೆ ಒದಗಲಿಲ್ಲ.

ಈಗ ಕೆಲವರು ವಿಡಿಯೋಗಳ ಕೊಂಡಿ ಕಳಿಸುತ್ತಾರೆ ಎಂದು ಬಲ್ಲೆ. 50 ಕೆ.ಜಿ. ಯಂತ್ರದಲ್ಲೇ ಸ್ಟೇನ್‌ಲೆಸ್ ಕತ್ತರಿಸಿ ತೋರಿಸಿದ್ದಾರೆ, ತಾಳ್ಮೆಯಿಂದ 0.05 ಮಿ.ಮೀ. ಆಳ ತೆಗೆದರೆ ಆಗುತ್ತದೆ ಎಂಬ ವಾದ. ಆಗುತ್ತದೆ, ಯಾರು ಬೇಡವೆಂದರು? 303 ಆಗಿದ್ದರೆ ಚೆನ್ನಾಗಿಯೇ ಆಗುತ್ತದೆ. ಸುಲಭವಾಗಿ ಕತ್ತರಿಸಲೆಂದೇ ಅದರಲ್ಲಿ ಗಂಧಕ ಬೆರೆಸಿರುತ್ತಾರೆ. ಆದರೆ ಅದೇ ಗಂಧಕ ತುಕ್ಕಿಗೂ ದಾರಿ ಮಾಡಿಕೊಡುತ್ತದೆ, ಕೈಗಡಿಯಾರವೋ ದಿನವಿಡೀ ಬೆವರಿನಲ್ಲಿ ನೆನೆಯುವ ವಸ್ತು. ಬೆವರಿನಲ್ಲಿರುವಂಥ ಉಪ್ಪನ್ನು ತಾಳಲೆಂದೇ 316ಎಲ್‌ನಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುವುದು. ಅದರಲ್ಲಿ 0.05 ಮಿ.ಮೀ. ಎಂದು ಕೂದಲೆಳೆಯಷ್ಟು ತೆಗೆಯಹೋದರೆ, ಹಿಂದಿನ ಸುತ್ತಿನಲ್ಲಿ ಗಟ್ಟಿಯಾದ ಪದರದೊಳಗೇ ಟೂಲ್ ಓಡಾಡುತ್ತಿರುತ್ತದೆ. ವಿಡಿಯೋದಲ್ಲಿ ಕೊನೆಯ ಹೊಳಪು ಕಾಣುತ್ತದೆ. ಹಾಳಾದ ಎಂಡ್‌ಮಿಲ್ಲುಗಳ ಡಬ್ಬಿ ಕಾಣುವುದಿಲ್ಲ.

ಅಷ್ಟು ತೂಕವನ್ನು ಫ್ಲ್ಯಾಟಿನಲ್ಲಿ ಇಡುವುದು ಹೇಗೆ ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು. ವಾಸದ ಮನೆಯ ಸ್ಲ್ಯಾಬಿಗೆ ನಮ್ಮ ಐಎಸ್ 875 ಮಾನದಂಡ ಹೇಳುವ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. 150 ಕೆ.ಜಿ.ಯ ಯಂತ್ರವೆಂದರೆ ಸಂಘದ ಊಟ ಮುಗಿಸಿ ಎದ್ದುನಿಂತ ಇಬ್ಬರು ಹಿರಿಯರ ತೂಕ. ಅಗಲವಾದ ಸ್ಟ್ಯಾಂಡಿನ ಮೇಲೆ, ಗೋಡೆಗೆ ಹತ್ತಿರ ಇಟ್ಟರೆ ಸಾಮಾನ್ಯವಾಗಿ ತೊಂದರೆಯಾಗದು. ಆದರೂ ಹಳೆಯ ಕಟ್ಟಡವಾದರೆ ಎಂಜಿನಿಯರರೊಬ್ಬರನ್ನು ಕೇಳಿಯೇ ಇಡಬೇಕು. ಕೆಳಮನೆಯವರ ನಿದ್ರೆಗೆ ಮಾತ್ರ ಯಾವ ಮಾನದಂಡವೂ ಇಲ್ಲ.

ಈ ಲೆಕ್ಕ ನನ್ನ ಬಾಯಿಗೆ ಇಷ್ಟು ಸಲೀಸಾಗಿ ಬಂದದ್ದೇಕೆ ಎಂದು ನೀವು ಊಹಿಸಿರಬಹುದು. ನಿಜ, ನಿವೃತ್ತನಾದಾಗಿನಿಂದ ನಮ್ಮ ನಿಗಡಿಯ ಮನೆಯ ಬಾಲ್ಕನಿಯನ್ನು ನಾನೂ ಟೇಪು ಹಿಡಿದು ಅಳೆಯುತ್ತಲೇ ಇದ್ದೇನೆ. ಮನೆಯಾಕೆ ಅಲ್ಲಿ ತುಳಸಿಯ ಕುಂಡಗಳನ್ನು ಒಂದೊಂದಾಗಿ ಹೆಚ್ಚಿಸುತ್ತಿದ್ದಾಳೆ; ಅದು ಕಾಕತಾಳೀಯವೆಂದು ನನಗೆ ಅನಿಸುವುದಿಲ್ಲ. ಬಯಸಿದ್ದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಆ ಹುಡುಗನಿಗಿದೆ, ನನಗಿಲ್ಲ. ಅವನ ದುಡ್ಡು 1000 ವ್ಯಾಟಿನ ಹಲಗೆಗೆ ಹೋಗುವುದನ್ನು ನೋಡುತ್ತ ಸುಮ್ಮನಿರಲು ನನ್ನಿಂದಾಗದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಹುಡುಗನಿಗೆ ಹೇಳಿದ್ದೇನೆ: ಕೇಸಿನ ದುಂಡನೆಯ ಭಾಗವೆಲ್ಲ ಲೇತಿನ ಕೆಲಸ, ಅದನ್ನು ಸದ್ಯಕ್ಕೆ ಹೊರಗೆ ಮಾಡಿಸು, ಪಟ್ಟಿ ಸಿಕ್ಕಿಸುವ ಕಿವಿಗಳನ್ನಷ್ಟೇ ಮಿಲ್ಲಿಂಗ್ ಮಾಡಬೇಕಾಗುತ್ತದೆ, ಯಂತ್ರ ಕೊಳ್ಳುವ ದಿನ 316ಎಲ್ ತುಂಡು, ಹೊಸ ಎಂಡ್‌ಮಿಲ್, ನನ್ನ ಡಯಲ್ ಗೇಜ್ ಮೂರೂ ಜೊತೆಗಿರಲಿ. ಗೇಜಿನ ತುದಿಯನ್ನು ಸ್ಪಿಂಡಲಿಗೆ ತಾಗಿಸಿ, ತಲೆಯನ್ನು ಕೈಯಿಂದ ಬಲವಾಗಿ ತಳ್ಳಿದಾಗ ಮುಳ್ಳು ಎಷ್ಟು ಗೆರೆ ದಾಟುತ್ತದೆ, ಕೈ ಬಿಟ್ಟಾಗ ಹಿಂದಿನ ಜಾಗಕ್ಕೇ ಮರಳುತ್ತದೆಯೇ ಎಂದು ನೋಡಿದರೆ ಕ್ಯಾಟಲಾಗಿನ ಎಲ್ಲ ಪುಟಗಳಿಗಿಂತ ಹೆಚ್ಚು ತಿಳಿಯುತ್ತದೆ. ಅದಕ್ಕೆ ಒಪ್ಪದ ಅಂಗಡಿಯಲ್ಲಿ ಚಹಾ ಕೂಡ ಕುಡಿಯಬೇಡ ಎಂದೂ ಹೇಳಿದ್ದೇನೆ.

ಭೋಸರಿ, ಚಾಕಣ, ಚಿಂಚವಾಡದ ಕಡೆ ಯಾರಾದರೂ ಶೆಡ್ ಖಾಲಿ ಮಾಡುತ್ತಿದ್ದು, ಡೌಟೇಲ್ ಕಂಬದ ಬೆಂಚ್ ಮಿಲ್ಲಿಂಗ್ ಯಂತ್ರ ಮಾರಾಟಕ್ಕಿದ್ದರೆ ಇನ್‌ಬಾಕ್ಸಿಗೆ ಬರೆಯಿರಿ. ಬಣ್ಣ ಹೋಗಿದ್ದರೂ ಅಡ್ಡಿಯಿಲ್ಲ, ಮೋಟಾರ್ ಸುಟ್ಟಿದ್ದರೂ ಅಡ್ಡಿಯಿಲ್ಲ, ಬದಲಾಯಿಸಿಕೊಳ್ಳುತ್ತೇವೆ. ಟೇಬಲಿನ ಸವಕಳಿ ಎಷ್ಟಿದೆ, ಗಿಬ್ಬುಗಳು ಹೇಗಿವೆ ಎಂಬುದನ್ನು ತಿಳಿಸಿ. ಮತ್ತು ದಯಮಾಡಿ, ಮೊದಲ ಸಾಲಿನಲ್ಲೇ ತೂಕ ಬರೆಯಿರಿ.