ಕಂಬಕ್ಕೆ ದುಡ್ಡು ಯಾರು ಕೊಡ್ತಾರೆ?

ಮೊನ್ನೆ ಶನಿವಾರ ರಾತ್ರಿ ‘ಜರ್ಮಿನಾಲ್’ ಸಿನಿಮಾವನ್ನು ಎರಡನೇ ಸಲ ನೋಡಿದೆ. 1993ರ ಫ್ರೆಂಚ್ ಚಿತ್ರ, ನಿರ್ದೇಶನ ಕ್ಲೋದ್ ಬೆರ್ರಿ. ಎಮಿಲ್ ಜೋಲಾ 1885ರಲ್ಲಿ ಪ್ರಕಟಿಸಿದ ಕಾದಂಬರಿಯ ಕತೆ. ಉತ್ತರ ಫ್ರಾನ್ಸಿನ ಕಲ್ಲಿದ್ದಲು ಗಣಿ ಕಾರ್ಮಿಕ ಮಾಹ್ಯೂ, ಅವನ ಮನೆಯವರು, ಒಂದು ಮುಷ್ಕರ. ಎರಡೂವರೆ ಗಂಟೆಗಿಂತ ಜಾಸ್ತಿ ಇದೆ. ನೋಡುವವರು ಊಟ ಮುಗಿಸಿಕೊಂಡೇ ಕೂತುಕೊಳ್ಳಿ. ಆ ಮನೆಯ ಹಸಿವು ನೋಡುತ್ತಾ ನಮ್ಮ ತುತ್ತು ಇಳಿಯುವುದಿಲ್ಲ.

ಮೊದಲ ಸಲ ನೋಡಿದಾಗ ತಲೆಯಲ್ಲಿ ಉಳಿದದ್ದು ಕೊನೆಯ ಅನಾಹುತ. ಗಣಿಗೆ ನೀರು ನುಗ್ಗುತ್ತದೆ, ಒಳಗೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಈ ಸಲ ನನ್ನನ್ನು ಹಿಡಿದದ್ದು ಮರದ ಕಂಬಗಳ ವಿಷಯ. ಇದು ಕಾದಂಬರಿಯಲ್ಲಿ ಇನ್ನೂ ಬಿಡಿಸಿ ಬರುತ್ತದೆ. ಆಮೇಲೆ ಆ ಪುಟಗಳನ್ನು ತೆಗೆದು ಮತ್ತೆ ಓದಿದೆ.

ಲೆಕ್ಕ ಹೀಗಿದೆ. ಕಾರ್ಮಿಕರಿಗೆ ದುಡ್ಡು ಸಿಗುವುದು ಅವರು ತುಂಬಿ ಕಳಿಸುವ ಕಲ್ಲಿದ್ದಲ ಟ್ರಾಲಿಗೆ. ಅಗೆಯುತ್ತಾ ಮುಂದೆ ಹೋದ ಹಾಗೆ ತಲೆಯ ಮೇಲಿನ ಬಂಡೆ ಕುಸಿಯದಂತೆ ಕಂಬ ನಿಲ್ಲಿಸಬೇಕು. ಆ ಕೆಲಸಕ್ಕೆ ಬೇರೆ ಕೂಲಿ ಇಲ್ಲ. ಕಂಬ ನಿಲ್ಲಿಸಲು ಹೋದ ಹೊತ್ತಿನಲ್ಲಿ ಟ್ರಾಲಿ ತುಂಬುವುದಿಲ್ಲ. ಮಾಹ್ಯೂ ಮನೆಯಲ್ಲಿ ಏಳು ಮಕ್ಕಳು, ಮುದುಕ ಅಪ್ಪ. ಹೀಗಿರುವಾಗ ಯಾರು ತಾನೇ ನಿಧಾನವಾಗಿ ಕಂಬ ನಿಲ್ಲಿಸುತ್ತಾ ಕೂರುತ್ತಾರೆ? ಎಂಜಿನಿಯರ್ ನೆಗ್ರೆಲ್ ಕೆಳಗೆ ಇಳಿದು ಬರುತ್ತಾನೆ, ಕಂಬ ಸರಿಯಿಲ್ಲ ಎಂದು ಬೈಯುತ್ತಾನೆ, ದಂಡ ಹಾಕುತ್ತಾನೆ. ಅವನು ಹೇಳುವುದು ತಾಂತ್ರಿಕವಾಗಿ ಸರಿಯೇ. ಕಂಬ ನಿಜಕ್ಕೂ ಸರಿಯಿರಲಿಲ್ಲ!

ಮುಂದಿನದು ಕಂಪನಿಯ ಜಾಣತನ. ಇನ್ನು ಮೇಲೆ ಕಂಬಕ್ಕೆ ಬೇರೆ ಕೂಲಿ ಕೊಡುತ್ತೇವೆ, ನಿಮ್ಮ ಜೀವದ ಕಾಳಜಿ ನಮಗಿದೆ ಅನ್ನುತ್ತದೆ. ಜೊತೆಗೇ ಟ್ರಾಲಿಯ ದರ 50 ಸಾಂತೀಮ್‌ನಿಂದ (ನೂರು ಸಾಂತೀಮ್ ಅಂದರೆ ಒಂದು ಫ್ರಾಂಕ್) 40ಕ್ಕೆ ಇಳಿಯುತ್ತದೆ. ಕೂಡಿ ಕಳೆದು ನೋಡಿದರೆ ಕೈಗೆ ಬರುವುದು ಮೊದಲಿಗಿಂತ ಕಡಿಮೆ. ಮುಷ್ಕರ ಶುರುವಾಗುವುದೇ ಇಲ್ಲಿಂದ. ಅದಕ್ಕೆ ಮುಂಚೆಯೇ ಒಂದು ಕಡೆ ಬಂಡೆ ಕುಸಿದು ಒಬ್ಬ ಸಾಯುತ್ತಾನೆ. ಮಾಹ್ಯೂ ಮನೆಯ ಹುಡುಗ ಜಾನ್ಲಾನ್‌ನ ಕಾಲುಗಳು ಮುರಿಯುತ್ತವೆ. ಅವನಿಗೆ ಹನ್ನೊಂದು ವರ್ಷ.

ಇದನ್ನು ಓದುವಾಗ ನಮ್ಮ ರಸ್ತೆ ನೆನಪಾಯಿತು. ಕಳೆದ ವರ್ಷ ಒಳಚರಂಡಿ ಪೈಪ್ ಹಾಕಲು ಆಳು ಮುಳುಗುವಷ್ಟು ಗುಂಡಿ ತೆಗೆದಿದ್ದರು. ಎರಡೂ ಕಡೆ ಬರೀ ಮಣ್ಣು. ಮಣ್ಣು ಕುಸಿಯದ ಹಾಗೆ ಹಲಗೆ ಕೊಡೋದಿಲ್ವಾ ಅಂತ ಮೇಸ್ತ್ರಿಯನ್ನು ಕೇಳಿದೆ. “ನಮಗೆ ಮೀಟರ್ ಲೆಕ್ಕ ಸಾರ್. ಹಲಗೆಗೆ ಯಾರು ಕೊಡ್ತಾರೆ?” ಅಂದ. ಸಿಟ್ಟಲ್ಲಿ ಅಂದಿದ್ದಲ್ಲ, ಮಾಮೂಲಿ ಮಾತಿನ ಹಾಗೆ ಅಂದ. ಅಲ್ಲಿ ಏನೂ ಆಗಲಿಲ್ಲ ಅನ್ನುವುದು ಅದೃಷ್ಟ, ಅಷ್ಟೇ.

ಕತೆಯ ಬಗ್ಗೆ ನನ್ನ ತಕರಾರು ಇರುವುದು ಕೊನೆಯ ಅನಾಹುತದಲ್ಲಿ. ಸುವಾರಿನ್ ಎಂಬ ರಷ್ಯನ್ ಅರಾಜಕತಾವಾದಿ ರಾತ್ರಿ ಒಬ್ಬನೇ ಇಳಿದು ಗಣಿ ಬಾವಿಯ ಮರದ ಒಳಗೋಡೆಯನ್ನು ಕೊಯ್ದು ಬರುತ್ತಾನೆ. ಬೆಳಗ್ಗೆ ಇಡೀ ಗಣಿ ಮುಳುಗುತ್ತದೆ. ತೆರೆಯ ಮೇಲೆ ಭಯಂಕರವಾಗಿದೆ, ಒಪ್ಪುತ್ತೇನೆ. ಆದರೆ ಅಲ್ಲಿ ಪ್ರೇಕ್ಷಕನಿಗೆ ಬೈಯಲು ಒಬ್ಬ ಸಿಕ್ಕಿಬಿಡುತ್ತಾನೆ. ಅಲ್ಲಿಯವರೆಗೆ ಅಷ್ಟು ಕಷ್ಟಪಟ್ಟು ತೋರಿಸಿದ ಕೂಲಿ ಲೆಕ್ಕ ಹಿಂದೆ ಸರಿಯುತ್ತದೆ.

ನಿಜದಲ್ಲಿ ಅಂಥ ಸುವಾರಿನ್ ಬೇಕಾಗಲೇ ಇಲ್ಲ. ಜೋಲಾ ತೀರಿಕೊಂಡು ನಾಲ್ಕು ವರ್ಷಕ್ಕೆ, 1906ರ ಮಾರ್ಚ್ 10ರ ಬೆಳಗ್ಗೆ, ಅದೇ ಉತ್ತರ ಫ್ರಾನ್ಸಿನ ಕೂರಿಯೇರ್ ಗಣಿಗಳಲ್ಲಿ ಸ್ಫೋಟವಾಯಿತು. 1,099 ಜನ ಸತ್ತರು. ಯುರೋಪಿನಲ್ಲಿ ಇದಕ್ಕಿಂತ ದೊಡ್ಡ ಗಣಿ ದುರಂತ ಆಗಿಲ್ಲ. ಕೆಲವು ದಿನ ಮೊದಲೇ ಒಂದು ಕಡೆ ಬೆಂಕಿ ಹತ್ತಿದ್ದು ಗೊತ್ತಾಗಿತ್ತು. ಅದು ಆರುವವರೆಗೆ ಜನರನ್ನು ಇಳಿಸಬೇಡಿ ಎಂದು ಕಾರ್ಮಿಕರ ಪ್ರತಿನಿಧಿ ಪಿಯೆರ್ ಸಿಮೋನ್ ಹೇಳಿದ್ದರು. ಕಂಪನಿ ಬೆಂಕಿಗೆ ಗೋಡೆ ಕಟ್ಟಿಸಿತು, ಜನರನ್ನು ಇಳಿಸಿತು. ಸ್ಫೋಟ ಆ ಬೆಂಕಿಯಿಂದಲೇ ಆಯಿತು ಎಂದು ಕೊನೆಗೂ ಸಾಬೀತಾಗಲಿಲ್ಲ. ಈ ಗಣಿಯಲ್ಲಿ ಹೊತ್ತಿಕೊಳ್ಳುವ ಅನಿಲದ ಕಾಟ ಇಲ್ಲ ಎಂದು ತೆರೆದ ದೀಪಗಳನ್ನೇ ಬಳಸುತ್ತಿದ್ದರು. ಅನಿಲ ಇಲ್ಲದಿದ್ದರೇನು, ಕಲ್ಲಿದ್ದಲ ಧೂಳು ಇತ್ತಲ್ಲ. ಗಾಳಿಯಲ್ಲಿ ಎದ್ದ ಧೂಳು ಒಂದು ಕಡೆ ಹೊತ್ತಿಕೊಂಡರೆ ಆ ಹೊಡೆತಕ್ಕೆ ಮುಂದಿನ ಧೂಳೂ ಏಳುತ್ತದೆ, ಅದೂ ಹೊತ್ತಿಕೊಳ್ಳುತ್ತದೆ. ಹಾಗೇ ಸುಮಾರು 110 ಕಿಲೋಮೀಟರ್ ಸುರಂಗಗಳಲ್ಲಿ ಅದು ಹರಡಿತು.

ಮೂರು ದಿನಕ್ಕೆ, ಒಳಗೆ ಇನ್ನು ಯಾರೂ ಬದುಕಿಲ್ಲ ಎಂದು ಹುಡುಕುವುದನ್ನು ಬಿಟ್ಟರು. ಇಪ್ಪತ್ತು ದಿನ ಕಳೆದ ಮೇಲೆ, ಮಾರ್ಚ್ 30ರಂದು, ಹದಿಮೂರು ಜನ ತಾವೇ ದಾರಿ ಹುಡುಕಿಕೊಂಡು ಬಂದರು. ಸತ್ತವರ ಬುತ್ತಿ, ಗಣಿಯ ಕುದುರೆಯ ಮಾಂಸ ತಿಂದು ಕತ್ತಲಲ್ಲಿ ಅಲೆದಿದ್ದರು. ಆ ಹೊತ್ತಿಗೆ ಹೊರಗೆ ಮುಷ್ಕರ ನಡೆಯುತ್ತಿತ್ತು. ಸರ್ಕಾರ ಸೈನ್ಯ ಕಳಿಸಿತ್ತು.

ಸಿನಿಮಾದ ನಟನೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೆರಾರ್ ದಪಾರ್ಡ್ಯೂ ಒಳ್ಳೆಯ ನಟನೇ, ಆದರೆ ಆ ಮೈಕಟ್ಟು ನೋಡಿದರೆ ಹಸಿದ ಮಾಹ್ಯೂ ಎಂದು ನಂಬುವುದು ಕಷ್ಟ. ಮುಷ್ಕರದ ಮುಂದಾಳು ಎತಿಯೆನ್ ಪಾತ್ರದ ರೆನೋ ಅಲ್ಲಿನ ದೊಡ್ಡ ಗಾಯಕ, ಅವರ ತಾಯಿಯ ತಂದೆ ಗಣಿ ಕಾರ್ಮಿಕರಾಗಿದ್ದವರು. ಆ ಪ್ರದೇಶದ ಕೊನೆಯ ಕಲ್ಲಿದ್ದಲು ಗಣಿ ಮುಚ್ಚಿದ್ದು 1990ರ ಡಿಸೆಂಬರ್‌ನಲ್ಲಿ. ಚಿತ್ರದ ಗುಂಪಿನ ದೃಶ್ಯಗಳಲ್ಲಿ ನಿಂತವರಲ್ಲಿ ಮಾಜಿ ಗಣಿ ಕಾರ್ಮಿಕರೂ ಇದ್ದಾರೆ.

ನನಗೆ ಎಲ್ಲರಿಗಿಂತ ಹತ್ತಿರವಾದದ್ದು ಮಿಯು-ಮಿಯು ಮಾಡಿದ ಮಾಹ್ಯೂದ್, ಅಂದರೆ ಮಾಹ್ಯೂವಿನ ಹೆಂಡತಿ. ಮುಷ್ಕರದ ಹೊತ್ತಿನಲ್ಲಿ, ನಮ್ಮ ಮನೆಯವರು ಯಾರಾದರೂ ಕೆಲಸಕ್ಕೆ ಇಳಿದರೆ ಕುತ್ತಿಗೆ ಹಿಸುಕುತ್ತೇನೆ ಅನ್ನುವ ಹೆಂಗಸು ಅವಳು. ಗಂಡನನ್ನು ಸೈನಿಕರ ಗುಂಡಿಗೆ, ಮಕ್ಕಳನ್ನು ಹಸಿವಿಗೆ ಮತ್ತು ಗಣಿಗೆ ಕೊಟ್ಟ ಮೇಲೆ ಕೊನೆಗೆ ತಾನೇ ಇಳಿಯುತ್ತಾಳೆ. ಕಂಪನಿ ದಯೆ ತೋರಿಸಿ ಕೆಲಸ ಕೊಟ್ಟಿದೆ. ಕಾದಂಬರಿಯಲ್ಲಿ ಆ ಕೆಲಸ ಯಾವುದು ಎಂದೂ ಇದೆ. ಗಾಳಿ ಸರಿಯಾಗಿ ಆಡದ ಒಂದು ಸುರಂಗದ ತುದಿಯಲ್ಲಿ, 40 ಡಿಗ್ರಿ ಸೆಕೆಯಲ್ಲಿ, ದಿನಕ್ಕೆ ಹತ್ತು ಗಂಟೆ ಗಾಳಿಯಂತ್ರದ ಚಕ್ರವನ್ನು ಕೈಯಲ್ಲಿ ತಿರುಗಿಸುವುದು. ಕೂಲಿ ಮೂವತ್ತು ಸೂ. ಅಂದರೆ ಒಂದೂವರೆ ಫ್ರಾಂಕ್.