ಕಾರಿಲ್ಲದ ವರನೂ ಸಿಂಗಪುರದ ಕನಸೂ

ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯನ್ನು ಸಮರ್ಥಿಸುವ ಭರದಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು, ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ ಎಂಬರ್ಥದ ಮಾತನ್ನಾಡಿದ್ದು ಓದುಗರಿಗೆ ನೆನಪಿರಬಹುದು. ಜನರೆಲ್ಲ ನಕ್ಕರು. ನಾನು ಮಾತ್ರ ನಗಲಿಲ್ಲ. ನಗರ ಯೋಜನೆ ಎಂಬ ಶಾಸ್ತ್ರವನ್ನು ಇಷ್ಟು ವರ್ಷ ಎಂಜಿನಿಯರುಗಳ ಕೈಗೆ ಕೊಟ್ಟು ಕೆಡಿಸಿದ್ದೆವು, ಅದು ಈಗಲಾದರೂ ಮದುವೆ ದಲ್ಲಾಳಿಗಳ ಕೈಸೇರುತ್ತಿದೆಯಲ್ಲ ಎಂದು ಸಮಾಧಾನಪಟ್ಟೆ. ಸುಮಾರು ಹದಿನೇಳು ಕಿಲೋಮೀಟರಿಗೆ ಸುಮಾರು 17,000 ಕೋಟಿ ರೂಪಾಯಿ, ಎಂದರೆ ಕಿಲೋಮೀಟರಿಗೆ ಸಾವಿರ ಕೋಟಿ. ಇಷ್ಟು ಅದ್ದೂರಿಯ ವರೋಪಚಾರವನ್ನು ಈ ಸೀಮೆಯ ಯಾವ ಬೀಗರೂ ಕಂಡಿರಲಾರರು. ದ್ವಿಚಕ್ರ ವಾಹನಗಳಿಗೆ ಅದರೊಳಗೆ ಪ್ರವೇಶವಿಲ್ಲ ಎಂದು ಪತ್ರಿಕೆಗಳು ಬರೆದಿವೆ. ಸ್ಕೂಟರಿನ ವರಗಳು ಈ ಜನ್ಮಕ್ಕೆ ಬ್ರಹ್ಮಚಾರಿಗಳೆಂದು ಇಟ್ಟುಕೊಳ್ಳಬಹುದು.

ಬೆಂಗಳೂರನ್ನು ಸಿಂಗಪುರ ಮಾಡುತ್ತೇವೆಂಬ ಮಾತು ಎಸ್.ಎಂ. ಕೃಷ್ಣ ಅವರು 1999ರಲ್ಲಿ ಮುಖ್ಯಮಂತ್ರಿಯಾದ ಕಾಲದಿಂದ ನಮ್ಮ ಕಿವಿಗೆ ಬೀಳುತ್ತಲೇ ಇದೆ. ಅತ್ತ ಮುಂಬಯಿಯವರಿಗೆ ಶಾಂಘೈ ಆಗುವ ಹಂಬಲ. ಏಷ್ಯಾದ ದೊಡ್ಡ ಊರುಗಳದ್ದೆಲ್ಲ ಇದೊಂದು ವಿಚಿತ್ರ ಕಾಯಿಲೆ, ಯಾವ ಊರಿಗೂ ತಾನು ತಾನಾಗಿರುವುದು ಬೇಡ. ಬಂಡವಾಳ ಹೂಡುವವನು ವಿಮಾನದಿಂದ ಇಳಿಯುತ್ತಲೇ, ಹತ್ತಿದ ಊರಿನಲ್ಲೇ ಇಳಿದೆನೇನೋ ಎಂದು ಗಲಿಬಿಲಿಗೊಳ್ಳಬೇಕು. ಊರು ಉದ್ಧಾರವಾಯಿತೆಂಬುದಕ್ಕೆ ಈಗ ಅದೇ ಗುರುತು.

ಆದರೆ ಮಾದರಿ ಎಂದು ಗೋಡೆಗೆ ತೂಗುಹಾಕಿಕೊಂಡ ಊರಿನಲ್ಲಿ ನಡೆಯುತ್ತಿರುವುದೇನು? ಸಿಂಗಪುರದಲ್ಲಿ ಕಾರು ಕೊಳ್ಳುವ ಮೊದಲು, ಕಾರು ಇಟ್ಟುಕೊಳ್ಳುವ ಹಕ್ಕನ್ನು ಹರಾಜಿನಲ್ಲಿ ಕೂಗಿ ಪಡೆಯಬೇಕು. 1990ರಿಂದ ಈ ಪದ್ಧತಿ ಇದೆ. ಹತ್ತು ವರ್ಷ ಮಾತ್ರ ನಡೆಯುವ ಆ ಚೀಟಿಯ ಬೆಲೆ ಒಂದು ಲಕ್ಷ ಸಿಂಗಪುರ ಡಾಲರ್ ದಾಟಿದ್ದೂ ಉಂಟು. ನಮ್ಮ ಲೆಕ್ಕದಲ್ಲಿ ಅರವತ್ತು ಲಕ್ಷಕ್ಕೂ ಮಿಗಿಲಾಯಿತು, ಕಾರಿನ ಬೆಲೆ ಬೇರೆ. ಅಷ್ಟು ತೆತ್ತ ಮೇಲೂ ಜನನಿಬಿಡ ರಸ್ತೆಗೆ ಇಳಿದರೆ ಸುಂಕ ಕಟ್ಟಬೇಕು. 2018ರಿಂದ ಕಾರುಗಳ ಒಟ್ಟು ಸಂಖ್ಯೆಯನ್ನು ಬೆಳೆಯಲೇ ಬಿಡುವುದಿಲ್ಲವೆಂದು ಸರ್ಕಾರ ಪಟ್ಟುಹಿಡಿದು ಕೂತಿದೆ. ಅಲ್ಲಿನ ಹೆಣ್ಣು ಹೆತ್ತವರ ಸಂಕಟವನ್ನು ಒಮ್ಮೆ ಊಹಿಸಿಕೊಳ್ಳಿ! ಪದವೀಧರರಾದ ಅವಿವಾಹಿತರಿಗೆ ಜೋಡಿ ಹುಡುಕಿಕೊಡಲೆಂದು ಸಿಂಗಪುರದ ಸರ್ಕಾರ 1984ರಲ್ಲಿಯೇ ಒಂದು ಘಟಕ ತೆರೆದಿತ್ತು. ಕಾರಿನ ಹರಾಜು ಬಂದದ್ದು ಅದಾದ ಆರು ವರ್ಷಕ್ಕೆ, ಹಾಗಾಗಿ ಒಂದಕ್ಕೊಂದು ಗಂಟುಹಾಕುವುದು ನ್ಯಾಯವಲ್ಲ. ಆದರೂ ನಮ್ಮವರು ಅಧ್ಯಯನ ಪ್ರವಾಸಕ್ಕೆ ಹೋದಾಗ ಈ ಕೋನದಿಂದಲೂ ವಿಚಾರಿಸಿಕೊಂಡು ಬಂದರೆ ಒಳ್ಳೆಯದು.

ದಕ್ಷಿಣ ಕೊರಿಯಾದ ಸೋಲ್ ನಗರದ ಕತೆಯೂ ಹೀಗೆಯೇ ಇದೆ. ಅಲ್ಲಿ ಚಂಗ್ಯೆಚನ್ ಎಂಬ ಹಳ್ಳದ ಮೇಲೆ ಹಿಂದೆ ಕಾಂಕ್ರೀಟು ಸುರಿದು, ಅದರ ಮೇಲೊಂದು ಮೇಲ್ಸೇತುವೆ ಕಟ್ಟಿದ್ದರು. 2003ರಲ್ಲಿ ಅದನ್ನು ಒಡೆಯಲು ಶುರುಮಾಡಿ, 2005ರ ಹೊತ್ತಿಗೆ ಹಳ್ಳವನ್ನು ಮತ್ತೆ ಬೆಳಕಿಗೆ ತಂದರು. ಅದನ್ನು ಕಂಡು ಪುಳಕಿತರಾದ ನಾವು ಮೆಜೆಸ್ಟಿಕ್ಕಿನಿಂದ ಬೆಳ್ಳಂದೂರಿನ ಕಡೆಗೆ ಹರಿಯುವ ನಮ್ಮ ರಾಜಕಾಲುವೆಗೂ ಕಲ್ಲು ಕಟ್ಟಿಸಿ, ದೀಪ ಹಾಕಿಸಿ, ಹೆಸರಿಟ್ಟೆವು. ಅದೇ ಊರಿನಲ್ಲಿ ಮಿಕ್ಕ ಕಾಲುವೆಗಳ ಮೇಲೆ ಚಪ್ಪಡಿ ಎಳೆದು ರಸ್ತೆ ಮಾಡುವುದಕ್ಕೇನೂ ಬಿಡುವು ಕೊಡಲಿಲ್ಲ. ಅವರ ಮದ್ದು ಬೇಕು, ಅವರು ಹೇಳಿದ ಪಥ್ಯ ಮಾತ್ರ ಬೇಡ.

ನಕಲು ಮಾಡುವುದರಲ್ಲಿಯೂ ನಾವು ಒಂದು ಕೈ ಮುಂದೆ. ಸುರಂಗದ ಸಮಗ್ರ ಯೋಜನಾ ವರದಿಯಲ್ಲಿ ಮಹಾರಾಷ್ಟ್ರದ ಮಾಲೆಗಾಂವ್ ಮತ್ತು ನಾಸಿಕ್ ಊರುಗಳ ಹೆಸರು ಕಾಣಿಸಿಕೊಂಡದ್ದು ನಿಮಗೆ ಗೊತ್ತೇ ಇದೆ. ಅದಕ್ಕಾಗಿ ದಂಡ ಹಾಕಿದರೆಂದು ಓದಿ ನನಗೆ ಬೇಸರವಾಯಿತು. ಸರ್ಕಾರ ಸಿಂಗಪುರವನ್ನು ನಕಲು ಮಾಡಬಹುದಾದರೆ ಪಾಪ ಸಲಹೆಗಾರರು ಮಾಲೆಗಾಂವನ್ನೇಕೆ ನಕಲು ಮಾಡಬಾರದು? ವಿಮಾನದ ಖರ್ಚಾದರೂ ಉಳಿಯಿತು. ನಮ್ಮ ಸುರಂಗದ ಇನ್ನೊಂದು ಬಾಯಿ ನಿಜಕ್ಕೂ ನಾಸಿಕದಲ್ಲಿ ತೆರೆದುಕೊಂಡರೆ ಗೋದಾವರಿಯ ಸ್ನಾನವೂ ಆಗಿಹೋಗುತ್ತದೆ. ಬೆಂಗಳೂರಿಗೆ ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಎತ್ತಿ ತರುತ್ತಿರುವಾಗ ಅದೇನು ಮಹಾ ದೂರ!

ಈ ಊರಿನ ವಿಳಾಸಗಳನ್ನು ನೋಡಿದರಂತೂ ಜಾಗತೀಕರಣ ಸಂಪೂರ್ಣವಾಗಿ ಕೈಗೂಡಿದೆ ಎಂದೇ ಹೇಳಬೇಕು. ಹೊರವರ್ತುಲ ರಸ್ತೆಯ ಅಕ್ಕಪಕ್ಕ ಕಾಡುಬೀಸನಹಳ್ಳಿ, ಪಣತ್ತೂರು, ಗುಂಜೂರು ಎಂದಿದ್ದ ನೆಲದಲ್ಲಿ ಈಗ ಇಟಲಿಯ ಊರುಗಳು, ಸ್ಪೇನಿನ ತೋಟಗಳು ಎದ್ದು ನಿಂತಿವೆ. ಇಪ್ಪತ್ತೆಂಟನೆಯ ಮಹಡಿಯಲ್ಲಿರುವವರು ಕೆರೆಯ ನೋಟಕ್ಕೆಂದು ಹೆಚ್ಚಿನ ಹಣ ತೆತ್ತಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಕೆರೆಯೇ ನೋಟ ನೋಡಲು ಅವರ ಬಾಗಿಲಿಗೆ ಬಂದಾಗ, ಲಕ್ಷಗಟ್ಟಲೆ ಸಂಬಳದವರು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತು ಕಚೇರಿಗೆ ಹೋದದ್ದನ್ನು ಜಗತ್ತೇ ಕಂಡಿತು. ಅದಕ್ಕೂ ಹಿಂದೆ ಬೆಳ್ಳಂದೂರು ಕೆರೆ ನೊರೆ ಕಾರಿತ್ತು, 2017ರಲ್ಲಿ ಬೆಂಕಿಯನ್ನೇ ಹೊತ್ತಿಸಿಕೊಂಡಿತ್ತು. ನೀರು ಹೊತ್ತಿ ಉರಿಯುವ ಊರಿಗೆ 250 ಮೀಟರ್ ಎತ್ತರದ ಸ್ಕೈಡೆಕ್ ಎಂಬ ವೀಕ್ಷಣಾ ಗೋಪುರ ಬೇಕೇ ಬೇಕು. ಅಷ್ಟು ಮೇಲಿನಿಂದ ಹೊಗೆಗೂ ಮಂಜಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಇನ್ನು ಯೋಜನೆ ಎಂಬ ಪದಾರ್ಥದ ವಿಷಯ. ಬೆಂಗಳೂರು ಇಷ್ಟು ವರ್ಷ ಬೆಳೆದದ್ದು 2007ರಲ್ಲಿ ಒಪ್ಪಿಗೆ ಪಡೆದ, 2015ಕ್ಕೆಂದು ಬರೆದ ಮಾಸ್ಟರ್ ಪ್ಲಾನನ್ನು ಹಿಡಿದುಕೊಂಡು. 2031ರದೊಂದು ಕರಡು 2017ರಲ್ಲಿ ಹೊರಬಂದು, ಹಾಗೆಯೇ ಮರಳಿ ಒಳಗೆ ಹೋಯಿತು. ಪಾಲಿಕೆಯ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಐದು ವರ್ಷ ತುಂಬಿದರೂ ಚುನಾವಣೆ ನಡೆಸದೆ, ಊರನ್ನೇ ಐದು ಪಾಲಿಕೆಗಳಾಗಿ ಹೋಳುಮಾಡಿದರು. ಬೀದಿಯ ಗುಂಡಿಯನ್ನು ತೋರಿಸಿ ಬಯ್ಯೋಣವೆಂದರೆ ನಮ್ಮ ವಾರ್ಡಿನಲ್ಲೊಬ್ಬ ಕಾರ್ಪೊರೇಟರ್ ಇಲ್ಲದೆ ಐದು ವರ್ಷ ಕಳೆಯಿತು. ಇದರಲ್ಲಿ ತಮಾಷೆ ಮಾಡುವಂಥದ್ದು ಏನೂ ಇಲ್ಲ. ದಿನಕ್ಕೆ ನಲವತ್ತು ಲಕ್ಷದಷ್ಟು ಜನ ಬಿಎಂಟಿಸಿ ಬಸ್ಸು ಹತ್ತುತ್ತಾರೆ, ಮಳೆಯಲ್ಲಿ ಸೂರಿಲ್ಲದ ನಿಲ್ದಾಣಗಳಲ್ಲಿ ನಿಲ್ಲುತ್ತಾರೆ, ರಸ್ತೆ ದಾಟಲು ಪ್ರಾಣವನ್ನು ಅಂಗೈಯಲ್ಲಿ ಹಿಡಿದುಕೊಳ್ಳುತ್ತಾರೆ. ಅವರಿಗಾಗಿ ಯಾರೂ ಯಾವ ದೇಶಕ್ಕೂ ಅಧ್ಯಯನಕ್ಕೆ ಹೋಗಬೇಕಾಗಿಲ್ಲ, ಇನ್ನಷ್ಟು ಬಸ್ಸು ತಂದು ಕಾಲಿಡಲು ಒಂದಿಷ್ಟು ಸಮನಾದ ಜಾಗ ಕೊಟ್ಟರೆ ಸಾಕು. ಇಪ್ಪತ್ತೈದು ವರ್ಷಗಳಿಂದ ಇದನ್ನೇ ಬರೆದು ಬರೆದು ನನಗೂ ಸಾಕಾಗಿದೆ.

ಇರಲಿ, ಮದುವೆಯ ಮಾತಿಗೆ ಬರೋಣ. ನಮ್ಮ ಬಂಧುಗಳೊಬ್ಬರು ಮೊನ್ನೆ ಒಂದು ಭಾನುವಾರ ಮಗನಿಗೆ ಹೆಣ್ಣು ನೋಡಲು ಬನಶಂಕರಿಯಿಂದ ವರ್ತೂರಿನ ಕಡೆಗೆ ಹೊರಟರು. ಹುಡುಗನಿಗೆ ಕಾರಿದೆ, ಜಾತಕಕ್ಕೆ ಅದರ ಚಿತ್ರವನ್ನೂ ಸೇರಿಸಿ ಕಳಿಸಿದ್ದರು. ನಾಲ್ಕೂವರೆಗೆ ರಾಹುಕಾಲ ಹಿಡಿಯುವುದರೊಳಗೆ ತಲುಪಬೇಕೆಂದು ಎರಡು ಗಂಟೆಗೇ ಮನೆ ಬಿಟ್ಟರೂ, ಮಾರತ್ತಹಳ್ಳಿಯ ಹತ್ತಿರ ಒಂದು ಮಳೆ ಬಿದ್ದದ್ದೇ ತಡ, ಇಡೀ ರಾಹುಕಾಲವನ್ನು ಕಾರಿನೊಳಗೇ ಕಳೆಯಬೇಕಾಯಿತು. ಮಲ್ಲಿಗೆ ದಂಡೆ ಬಾಡಿತು, ಬಾಳೆಹಣ್ಣು ಕಪ್ಪಿಟ್ಟಿತು. ಅತ್ತ ಹುಡುಗಿಯ ತಂದೆ ಮೂರನೆಯ ಸಲ ಫೋನು ಮಾಡಿ, “ಯಜಮಾನರೇ, ಗಾಡಿಯನ್ನು ಅಲ್ಲೇ ಎಲ್ಲಾದರೂ ನಿಲ್ಲಿಸಿ ನಡೆದು ಬಂದುಬಿಡಿ, ಉಪ್ಪಿಟ್ಟು ಆರಿಹೋಗುತ್ತಿದೆ” ಎಂದರು. ಹಣ್ಣಿನ ತಟ್ಟೆ ಹಿಡಿದ ಅತ್ತೆ ಮುಂದೆ, ರೇಷ್ಮೆ ಪಂಚೆ ಎತ್ತಿಕಟ್ಟಿದ ಮಾವ ಹಿಂದೆ, ಸಾಲಾಗಿ ಚರಂಡಿಯ ಚಪ್ಪಡಿಗಳ ಮೇಲೆ ನಡೆದರು. ಅಲ್ಲಾಡುವ ಒಂದು ಚಪ್ಪಡಿ ವರನ ಹೊಸ ಬೂಟಿಗೆ ಮೊಣಕಾಲಿನವರೆಗೆ ಕೆಸರಿನ ಆರತಿ ಎತ್ತಿತು. ಕೊನೆಗೂ ಬಾಗಿಲು ಮುಟ್ಟಿದಾಗ ಹುಡುಗಿಯ ಅಜ್ಜಿ ಇವರನ್ನೆಲ್ಲ ಮೇಲಿಂದ ಕೆಳಗೆ ನೋಡಿ, ಕತ್ತು ಚಾಚಿ ಇವರ ಬೆನ್ನ ಹಿಂದಿನ ಬೀದಿಯನ್ನೂ ನೋಡಿ, “ಅಲ್ಲಪ್ಪಾ, ಕಾರಿದೆ ಅಂದಿದ್ದರಲ್ಲಾ?” ಎಂದು ಕೇಳಿದರಂತೆ.