ಕೋವಿಗೆ ವಿನಾಯಿತಿ ಇದೆ, ಕಟ್ಟಿಗೆಗೆ ಅರ್ಜಿ ಕೊಡಿ

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದು. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿತು, ಹೈಕೋರ್ಟೂ ಸರಿ ಅಂತು. ಅಂದರೆ ನಳಿಗೆ, ಟ್ರಿಗರ್, ಗುಂಡು ಯಾವುದರ ವಿಷಯದಲ್ಲೂ ಸರ್ಕಾರಕ್ಕೆ ಇವರ ಮೇಲೆ ಅನುಮಾನವಿಲ್ಲ. ಅನುಮಾನ ಇರುವುದು ಕೋವಿಯ ಹಿಂದೆ ಹೆಗಲಿಗೆ ಒತ್ತಿಕೊಳ್ಳುವ ಮರದ ತುಂಡಿನ ಮೇಲೆ ಮಾತ್ರ.

ನಮ್ಮ ಪಕ್ಕದ ತೋಟದ ಮಾವನ ಹತ್ತಿರ ಇಶಾಪುರ ಕಾರ್ಖಾನೆಯ ಹಳೇ .315 ರೈಫಲ್ ಇದೆ. ಅವರಪ್ಪ ಬೇಟೆಗೆ ಅಂತ ತಂದದ್ದು. 1972ರ ವನ್ಯಜೀವಿ ಕಾಯ್ದೆ ಬಂತು, ಬೇಟೆ ಹೋಯಿತು, ರೈಫಲ್ ಉಳಿಯಿತು. ಈಗ ಅದಕ್ಕೆ ಕೆಲಸ ಅಂತ ಇರುವುದು ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದಿನ ದಿನ ತೋಕ್ ಪೂ ಅನ್ನುವ ಹೂವು ಮುಡಿದು ಪೂಜೆ ಮಾಡಿಸಿಕೊಳ್ಳುವುದೇ. ಕೂತು ತಿಂದರೂ ವಯಸ್ಸಾಗುತ್ತೆ ಅಲ್ವಾ, ಅದರ ಹಿಂದಿನ ಮರ ಕುತ್ತಿಗೆಯ ಹತ್ತಿರ ಉದ್ದಕ್ಕೆ ಸೀಳಿದೆ.

ಇದು ಲೀ ಎನ್‌ಫೀಲ್ಡ್ ಜಾತಿಯ ರೈಫಲ್. ಸಿಪಾಯಿಯ ಕೈ ಉದ್ದ ನೋಡಿ ಹಾಕಲಿ ಅಂತ ಬ್ರಿಟಿಷರು ಇದರ ಹಿಂದಿನ ಮರವನ್ನು ನಾಲ್ಕು ಅಳತೆಯಲ್ಲಿ ಮಾಡಿಸಿದ್ದರು. ಈಗ ಸೀಳಿದ್ದಕ್ಕೆ ಬದಲಿ ಅಂತ ಒಂದು ಅಳತೆಯದೂ ಇಲ್ಲಿ ಸಿಗುತ್ತಿಲ್ಲ. ಬಿಚ್ಚುವುದೂ ಹುಡುಗಾಟವಲ್ಲ. ಹಿಂದಿನ ಮರದೊಳಗೆ ಉದ್ದನೆಯ ಬೋಲ್ಟ್ ಇರುತ್ತದೆ, ಅದರ ಚೌಕದ ತುದಿ ಮುಂದಿನ ಮರಕ್ಕೆ ಕಚ್ಚಿಕೊಂಡಿರುತ್ತದೆ. ಮುಂದಿನದನ್ನು ಮೊದಲು ಕಳಚದೆ ಬೋಲ್ಟ್ ತಿರುಗಿಸಿದರೆ ಮುಂದಿನ ಮರವೂ ಸೀಳಿ ಎರಡು ಮರದ ಖರ್ಚು.

ಮರಕ್ಕೇನು ಬರ, ತೋಟದಲ್ಲೇ ಬೀಟೆ ಇದೆಯಲ್ಲ ಅಂದರು ಮಾವ. ಇದೆ, ಆದರೆ ನೆರಳು ಮಾತ್ರ ಮಾವನದು. ಜಮೀನು ರಿಡೀಮ್ ಆಗಿಲ್ಲದಿದ್ದರೆ, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿಲ್ಲದಿದ್ದರೆ, ಮರ ಸರ್ಕಾರದ್ದು, ಆಗಿದ್ದರೂ ಕಡಿಯಲು ಅನುಮತಿ ಬೇಕು, ಸಾಗಿಸಲು ಪಾಸ್ ಬೇಕು. ಕಚೇರಿಯಲ್ಲಿ ಗುಮಾಸ್ತರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಉದ್ದೇಶ ಏನು ಅಂದರು. ಕೋವಿಗೆ ಅಂದದ್ದೇ ತಡ, ಪಕ್ಕದ ಮೇಜಿನವರೂ ಎದ್ದು ಬಂದರು. ಅನುಮತಿ ಇಲ್ಲದೆ ಕಡಿಯಬಹುದಾದ್ದು ಸಿಲ್ವರ್ ಓಕ್, ಅದನ್ನೇ ಹಾಕಿಸಿ ಸಾರ್ ಅಂತ ಒಬ್ಬರು ಸಲಹೆ ಕೊಟ್ಟರು. ಪ್ಯಾಕಿಂಗ್ ಪೆಟ್ಟಿಗೆ ಮಾಡುವ ಮರ ಅದು. ಗುಂಡು ಹಾರಿದಾಗ ಹೆಗಲಿಗೆ ಬರುವ ಒದೆತ ತಡೆಯುತ್ತದಾ? ಪೂಜೆಗೆ ತಾನೇ ಅಂದರು.

ಹಾಗಾದರೆ ಹೊರಗಿನಿಂದ ತರಿಸೋಣ. ಅಮೆರಿಕದಲ್ಲಿ ಇಂಥ ಮರ ಸುಮ್ನೆ ಅಂಚೆಯಲ್ಲಿ ಮನೆಗೆ ಬರುತ್ತದೆ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಆಯುಧದ ಭಾಗವೂ ಆಯುಧವೇ. ಅದೇ ಕಾಯ್ದೆ ಲಾಠಿಯನ್ನೂ ಮಾಮೂಲಿ ಊರುಗೋಲನ್ನೂ ಹೆಸರಿಟ್ಟು ಹೊರಗಿಟ್ಟಿದೆ. ಹಾಗಾಗಿ ಒಂದೇ ಬೀಟೆ ತುಂಡು ಮಾವನ ಕೈಯಲ್ಲಿ ಊರುಗೋಲಾಗಿದ್ದಾಗ ಪರಮ ಸಾಧು, ಅದಕ್ಕೆ ಉಳಿ ತಾಗಿಸಿ ನಳಿಗೆಯ ಹಿಂದೆ ಕೂರಿಸಿದ ಕೂಡಲೇ ಭಯಂಕರ ಆಯುಧ! ಇನ್ನು ಆ ಊರುಗೋಲಿನಲ್ಲಿ ಯಾರಾದರೂ ತಲೆ ಒಡೆದುಕೊಂಡರೆ ಅದು ಬೇರೆ ಕಾಯ್ದೆಯವರ ತಲೆನೋವು.

ಕೊನೆಗೆ ಊರಿನ ಆಚಾರಿಯ ಹತ್ತಿರ ಹೋದರು. ಬಾಗಿಲು, ಮಂಚ, ತೇರಿನ ಚಕ್ರ ಎಲ್ಲ ಮಾಡಿದ ಕೈ ಅವರದು. ರೈಫಲ್ ಮುಟ್ಟಿಯೂ ನೋಡಲಿಲ್ಲ. ಕೋವಿ ಇಟ್ಟುಕೊಳ್ಳಲು, ಹೊತ್ತು ತಿರುಗಲು ನಿಮಗೆ ವಿನಾಯಿತಿ ಇದೆ, ರಿಪೇರಿ ಮಾಡಲು ನನಗೆ ಲೈಸೆನ್ಸ್ ಬೇಕು, ಬೇಡ ಮಾವ, ಮಗಳ ಮದುವೆ ಇದೆ ಅಂದುಬಿಟ್ಟರು. ಲೈಸೆನ್ಸ್ ಇರುವ ಅಂಗಡಿಯವರು ಮಾಡಿಕೊಡ್ತೀವಿ, ಮರ ನೀವೇ ತನ್ನಿ ಅಂದರು.

ಮಾವ ಸೀಳಿಗೆ ಫೆವಿಕಾಲ್ ತುಂಬಿ ಮೇಲೆ ತಾಮ್ರದ ತಂತಿ ಸುತ್ತಿದರು. ಅಷ್ಟರಲ್ಲಿ ಚುನಾವಣೆ ಬಂತು, ಕೋವಿ ಠಾಣೆಗೆ ಒಪ್ಪಿಸಿ ಅಂತ ಸೂಚನೆಯೂ ಬಂತು. ತೋಟದಲ್ಲಿ ಕಾಡುಹಂದಿಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ, ಅದಿರಲಿ. ಠಾಣೆಯಲ್ಲಿ ಪೇದೆ ನಂಬರು ಬರೆದುಕೊಂಡು, ಕೋವಿ ತಿರುಗಿಸಿ ನೋಡಿ, ತಂತಿಯ ಮೇಲೆ ಬೆರಳಿಟ್ಟರು.

"ಇದನ್ನ ಸುತ್ತಿದ್ದು ಯಾರು? ರಿಪೇರಿ ಲೈಸೆನ್ಸ್ ಇದೆಯಾ?"